ಲಂಟಾನ, ಬಿಸಿಲು ಮತ್ತು ದನದ ಮೈ

ಮಳೆಗಾಲ ಮುಗಿದು ನವರಾತ್ರಿ ಸಮೀಪಿಸಿತೆಂದರೆ ಠಾಣೆಯ ಯೇವೂರು ಬೆಟ್ಟದ ದಾರಿಯುದ್ದಕ್ಕೂ ಒಂದು ಮುಳ್ಳುಪೊದೆ ಹೂವಿನಿಂದ ತುಂಬಿಕೊಳ್ಳುತ್ತದೆ. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಕೂಡಿದ ಪುಟ್ಟ ಹೂಗಳು; ಸುತ್ತ ಚಿಟ್ಟೆಗಳ ಸಂತೆ. ಬೆಳಗಿನ ವಾಯುವಿಹಾರಕ್ಕೆ ಬಂದವರು ಅದರ ಮುಂದೆ ನಿಂತು ಚಿತ್ರ ತೆಗೆದುಕೊಳ್ಳುವುದೂ ಉಂಟು. ಸ್ಥಳೀಯ ಮರಾಠಿ ಜನ ಇದನ್ನು ‘ಘಾಣೇರಿ’ ಎನ್ನುತ್ತಾರೆ, ‘ಟಣಟಣಿ’ ಎಂದೂ ಕರೆಯುತ್ತಾರೆ. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದವರಿಗೆ ಮೊದಲನೆಯ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ. ಕನ್ನಡದ ಪುಸ್ತಕಗಳಲ್ಲಿ ಇದಕ್ಕೆ ‘ಚದುರಂಗಿ’ ಎಂಬ ಹೆಸರಿದೆಯಾದರೂ ಕೊಡಗಿನಿಂದ ಚಾಮರಾಜನಗರದವರೆಗೆ ರೈತರ ಬಾಯಲ್ಲಿ ಉಳಿದಿರುವುದು ‘ಲಂಟಾನ’ ಎಂಬ ಪರದೇಶದ ಹೆಸರೇ.

ಹೆಸರಿನಂತೆ ಗಿಡವೂ ಪರದೇಶದ್ದೇ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಪೊದೆ 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದಿತು. ಅಲ್ಲಿಂದ ಬಂಗಲೆಗಳ ಬೇಲಿಗೆ, ಬೇಲಿಯಿಂದ ಹಕ್ಕಿಗಳ ಹೊಟ್ಟೆಗೆ, ಹಕ್ಕಿಗಳಿಂದ ಕಾಡಿಗೆ ಪಸರಿಸಿತು. ನೂರು ವರ್ಷ ತುಂಬುವಷ್ಟರಲ್ಲಿ ಕೊಡಗಿನ ಕಾಫಿ ತೋಟಗಳಿಗೂ ಕಾಡಿಗೂ ಇದು ಎಂತಹ ಪೀಡೆಯಾಯಿತೆಂದರೆ, 1914ರಲ್ಲಿ ಅಲ್ಲಿ ಹಾನಿಕರ ಕಳೆಗಳ ವಿರುದ್ಧ ಕಾನೂನನ್ನೇ ಮಾಡಬೇಕಾಯಿತು. ಲಂಟಾನವನ್ನು ತಿನ್ನುವ ಕೀಟಗಳು ಭಾರತದಲ್ಲಿ ಯಾವುವಿವೆ ಎಂದು ವೈ. ರಾಮಚಂದ್ರರಾಯರು ಊರೂರು ಹುಡುಕಿ 1920ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಕಾನೂನಿಗೂ ಕೀಟಕ್ಕೂ ಗಿಡ ಜಗ್ಗಲಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿ ವಾಸದ ಕಾಡುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಪ್ರದೇಶವನ್ನು, ಎಂದರೆ 1,54,000 ಚದರ ಕಿಲೋಮೀಟರಿಗೂ ಮಿಕ್ಕಿದ ನೆಲವನ್ನು, ಇದು ಆವರಿಸಿದೆ. ಪಾರ್ಥೇನಿಯಮ್ಮಿಗೆ ‘ಕಾಂಗ್ರೆಸ್ ಹುಲ್ಲು’, ಇನ್ನೊಂದು ಕಳೆಗೆ ‘ಕಮ್ಯುನಿಸ್ಟ್ ಗಿಡ’ ಎಂದು ಹೆಸರಿಟ್ಟ ಕನ್ನಡಿಗರು ಲಂಟಾನಕ್ಕೆ ಮಾತ್ರ ಯಾವ ಪಕ್ಷವನ್ನೂ ಹಚ್ಚದೆ ಬಿಟ್ಟದ್ದು ಆಶ್ಚರ್ಯ.

ಕಾಡಿಗೂ ತೋಟಕ್ಕೂ ಇದು ಮಾಡಿದ ಹಾನಿಯ ಮಾತು ಬೇಕಾದಷ್ಟು ಬಂದಿದೆ. ಇದನ್ನು ಮೇದ ದನಕರುಗಳ ಗತಿ ಏನೆಂಬುದು ಮಾತ್ರ ಪಶುವೈದ್ಯರ ವಲಯದಿಂದ ಹೊರಗೆ ಅಷ್ಟಾಗಿ ತಿಳಿದಿಲ್ಲ. ಊರಿನಲ್ಲಿ ಒಂದೆರಡು ಹಸು ಇಟ್ಟುಕೊಂಡಿರುವ ತಂದೆತಾಯಿಗಳನ್ನೋ ಅಣ್ಣತಮ್ಮಂದಿರನ್ನೋ ಬಿಟ್ಟು ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದವರಿಗೆ ಇದು ಮನೆಯ ವಿಷಯವೇ. “ಹಸುವಿನ ಬೆನ್ನಿನ ತೊಗಲು ಸುಲಿದು ಹೋಗುತ್ತಿದೆ, ಅಲ್ಲಿಂದ ಒಳ್ಳೆಯ ಮುಲಾಮು ಕಳಿಸು” ಎಂದು ಊರಿನಿಂದ ದೂರವಾಣಿ ಬಂದಾಗ ಮುಲಾಮನ್ನು ಕೊಂಡು ಬಸ್ಸಿಗೆ ಹಾಕುವುದು ಸುಲಭ. ಆದರೆ ಆ ರೋಗ ಚರ್ಮದ್ದೇ ಆಗಿರದಿದ್ದರೆ?

ಸಾಮಾನ್ಯವಾಗಿ ಯಾವ ದನವೂ ಲಂಟಾನವನ್ನು ಇಷ್ಟಪಟ್ಟು ತಿನ್ನುವುದಿಲ್ಲ. ಆ ನೆಲದಲ್ಲೇ ಹುಟ್ಟಿ ಬೆಳೆದ ಹಸು ಅದರ ವಾಸನೆಗೇ ಮೂತಿ ತಿರುಗಿಸುತ್ತದೆ. ಮೋಸ ಹೋಗುವವು ಹೆಚ್ಚಾಗಿ ಹೊಸಬ ಪ್ರಾಣಿಗಳು: ಲಂಟಾನವಿಲ್ಲದ ಬಯಲುಸೀಮೆಯ ಜಾತ್ರೆಯಲ್ಲಿ ಕೊಂಡು ಮಲೆನಾಡಿನ ಅಂಚಿಗೆ ಹೊಡೆದುಕೊಂಡು ಬಂದ ಎತ್ತು, ಸಾಲದ ಹಣದಲ್ಲಿ ತಂದ ಸೀಮೆಹಸು, ಇನ್ನೂ ಗಿಡಮರಗಳ ಪರಿಚಯವಾಗದ ಕಡಸು. ಇನ್ನು ಎರಡನೆಯ ಕಾರಣ ಹಸಿವು. ಲಂಟಾನ ದಟ್ಟವಾಗಿ ಬೆಳೆದ ಗೋಮಾಳದಲ್ಲಿ ನೆಲಕ್ಕೆ ಬಿಸಿಲೇ ತಾಗದೆ ಹುಲ್ಲು ಸಾಯುತ್ತದೆ. ಹುಲ್ಲು ಸತ್ತ ಮೇಲೆ, ಅದರಲ್ಲೂ ಬೇಸಗೆಯ ಕೊನೆಯಲ್ಲಿ, ಹಸಿರಾಗಿ ಕಾಣುವುದು ಆ ಹುಲ್ಲನ್ನು ಕೊಂದ ಪೊದೆಯೊಂದೇ. ಹೀಗೆ ದನದ ಮೇವನ್ನು ಕಸಿದುಕೊಂಡ ಗಿಡವೇ ಕೊನೆಗೆ ಅದರ ಮೇವಾಗುತ್ತದೆ. ಎಷ್ಟು ತಿಂದರೆ ನಂಜೇರುತ್ತದೆಂಬುದು ಗಿಡದ ತಳಿಯ ಮೇಲೆ ಹೋಗುತ್ತದೆ; ಕೆಂಪು ಹೂವಿನ ತಳಿಗಳು ಸಾಮಾನ್ಯವಾಗಿ ಹೆಚ್ಚು ವಿಷಕಾರಿ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದವರ ಲೆಕ್ಕದಂತೆ 500-600 ಕಿಲೋ ತೂಗುವ ದೊಡ್ಡ ದನಕ್ಕೆ 5ರಿಂದ 20 ಕಿಲೋ ಎಲೆ ಸಾಕು. ಹಳ್ಳಿಯ ಸಣ್ಣ ಹಸುವಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕೆಂದಾಯಿತು.

ತಿಂದ ದಿನ ಏನೂ ಕಾಣುವುದಿಲ್ಲ. ಮರುದಿನ ಹಸು ಮೇವು ಮುಟ್ಟುವುದಿಲ್ಲ, ಮೆಲುಕು ನಿಲ್ಲುತ್ತದೆ, ಸೆಗಣಿ ಗಟ್ಟಿಯಾಗುತ್ತದೆ. ಎರಡು ಮೂರು ದಿನಗಳಲ್ಲಿ ಕಣ್ಣಿನ ಬಿಳಿಭಾಗ, ಒಸಡು ಹಳದಿಗಟ್ಟುತ್ತವೆ, ಗಂಜಲ ಕಡುಹಳದಿಯಾಗುತ್ತದೆ. ಆ ಹೊತ್ತಿಗೆ ಪ್ರಾಣಿ ವಿಚಿತ್ರವಾಗಿ ವರ್ತಿಸತೊಡಗುತ್ತದೆ. ಬಿಸಿಲಿಗೆ ಬಿಟ್ಟರೆ ನಿಲ್ಲಲಾರದು, ತಲೆ ಕೊಡವುತ್ತದೆ, ಮೈಯನ್ನು ಮರಕ್ಕೆ ಉಜ್ಜುತ್ತದೆ, ನೆರಳಿಗೆ ಓಡುತ್ತದೆ. ಬಳಿಕ ಮೂತಿ, ಕಣ್ಣಿನ ರೆಪ್ಪೆ, ಕಿವಿ, ಕೆಚ್ಚಲು ಕೆಂಪಾಗಿ ಊದಿಕೊಳ್ಳುತ್ತವೆ. ನೀರೊಸರಿ ಹಕ್ಕಳೆ ಕಟ್ಟುತ್ತದೆ. ಕೊನೆಗೆ ತೊಗಲು ಗಡುಸಾಗಿ, ಒಣಗಿದ ಕಾಗದದಂತೆ ಅಂಚಿನಿಂದ ಎದ್ದು ಬರುತ್ತದೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ಈ ಕಡೆಯ ಹಂತ. ಹಸು ಆಹಾರ ಬಿಟ್ಟದ್ದನ್ನು ‘ಹೊಟ್ಟೆ ಕೆಟ್ಟಿದೆ’ ಎಂದು ಎರಡು ದಿನ ಸುಮ್ಮನಿದ್ದವರು ತೊಗಲು ಸುಲಿದಾಗ ಗಾಬರಿಯಾಗುತ್ತಾರೆ. ರೋಗದ ದೃಷ್ಟಿಯಿಂದ ಇದು ತಲೆಕೆಳಗಾದ ಗಾಬರಿ.

ಏಕೆಂದರೆ ಲಂಟಾನದ ನಂಜು ಚರ್ಮವನ್ನು ನೇರವಾಗಿ ಮುಟ್ಟುವುದೇ ಇಲ್ಲ. ಎಲೆಯಲ್ಲಿರುವ ‘ಲಂಟಾಡೀನ್’ ಎಂಬ ವಸ್ತುಗಳು ಕರುಳಿನಿಂದ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತವೆ. ಯಕೃತ್ತಿನ ಕೋಶಗಳ ನಡುವೆ ಪಿತ್ತರಸವನ್ನು ಸಾಗಿಸುವ ಕೂದಲಿಗಿಂತ ಸೂಕ್ಷ್ಮವಾದ ಕಾಲುವೆಗಳಿವೆ. ಲಂಟಾಡೀನ್ ಈ ವ್ಯವಸ್ಥೆಯನ್ನು ಕೆಡಿಸುತ್ತದೆ. ಪಿತ್ತ ಹರಿಯದೆ ನಿಂತು, ಹಳದಿ ಬಣ್ಣ ರಕ್ತಕ್ಕೆ ಮರಳಿ ಕಾಮಾಲೆಯಾಗುತ್ತದೆ. ಇಷ್ಟಾದರೆ ಅದು ಬರಿಯ ಕಾಮಾಲೆ. ಬಿಸಿಲಿಗೂ ಇದಕ್ಕೂ ನಂಟು ಬೆಳೆಯುವುದು ಇನ್ನೊಂದು ವಸ್ತುವಿನಿಂದ. ಆ ವಸ್ತು ಲಂಟಾನದ್ದಲ್ಲ, ಯಾವ ನಿರಪರಾಧಿ ಹಸಿರು ಹುಲ್ಲಿನಲ್ಲಾದರೂ ಇರುವಂಥದು.

ಹಸಿರೆಲೆಗೆ ಬಣ್ಣ ಕೊಡುವ ಪತ್ರಹರಿತ್ತು ಮೂಲತಃ ಬೆಳಕನ್ನು ಹಿಡಿಯುವ ಯಂತ್ರ. ಮೆಲುಕು ಹಾಕುವ ಪ್ರಾಣಿಗಳ ರೂಮೆನ್ ಎಂಬ ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಈ ಪತ್ರಹರಿತ್ತನ್ನು ಒಡೆದು ‘ಫಿಲ್ಲೊಎರಿತ್ರಿನ್’ ಎಂಬ ವಸ್ತುವನ್ನಾಗಿ ಮಾಡುತ್ತವೆ. ಗ್ರೀಕ್ ಭಾಷೆಯ ಈ ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ ‘ಎಲೆಗೆಂಪು’ ಎಂದಾಗುತ್ತದೆ. ಹಸಿರು ಹೋದರೂ ಬೆಳಕನ್ನು ಹಿಡಿಯುವ ಗುಣ ಮಾತ್ರ ಎಲೆಗೆಂಪಿನಲ್ಲಿ ಉಳಿದಿರುತ್ತದೆ. ಆರೋಗ್ಯವಂತ ಹಸುವಿನಲ್ಲೂ ದಿನನಿತ್ಯ ಇದು ಉಂಟಾಗಿ ರಕ್ತ ಸೇರುತ್ತದೆ, ಯಕೃತ್ತು ಅದನ್ನು ಹಿಡಿದು ಪಿತ್ತದ ಜೊತೆ ಹೊರಹಾಕುತ್ತದೆ, ಸೆಗಣಿಯಲ್ಲಿ ಹೋಗಿಬಿಡುತ್ತದೆ. ಪಿತ್ತದ ದಾರಿ ಮುಚ್ಚಿದಾಗ ಎಲೆಗೆಂಪಿಗೆ ಹೊರಗೆ ಹೋಗುವ ದಾರಿಯೇ ಇಲ್ಲವಾಗುತ್ತದೆ. ಅದು ರಕ್ತದೊಡನೆ ಸುತ್ತುತ್ತ ಚರ್ಮದ ಸಣ್ಣ ರಕ್ತನಾಳಗಳನ್ನು ತಲುಪುತ್ತದೆ. ಅಲ್ಲಿ ಬಿಸಿಲು ಬಿದ್ದೊಡನೆ ಬೆಳಕಿನ ಶಕ್ತಿಯನ್ನು ಹೀರಿ, ಸುತ್ತಲಿನ ಆಮ್ಲಜನಕಕ್ಕೆ ವರ್ಗಾಯಿಸುತ್ತದೆ. ಹಾಗೆ ಉದ್ರಿಕ್ತವಾದ ಆಮ್ಲಜನಕ ಜೀವಕೋಶಗಳ ಪೊರೆಯನ್ನು ಸುಡುತ್ತದೆ. ಹೊಲದಲ್ಲಿ ಗಿಡಕ್ಕೆ ಅನ್ನ ಮಾಡಿಕೊಡುವ ವಸ್ತುವಿನ ತುಣುಕೇ ದನದ ಮೈಯಲ್ಲಿ ಕೊಳ್ಳಿಯಾಗುತ್ತದೆ.

ಎಲ್ಲ ಹಸುಗಳ ಮೈಯೂ ಒಂದೇ ಸಮನೆ ಸುಡುವುದಿಲ್ಲ. ಚರ್ಮದ ಕಪ್ಪು ವರ್ಣದ್ರವ್ಯ ಬೆಳಕನ್ನು ಒಳಗೆ ಬಿಡದೆ ತಡೆಯುತ್ತದೆ. ಆದ್ದರಿಂದ ಕಪ್ಪುಬಿಳುಪಿನ ಸೀಮೆಹಸುವಿಗೆ ಲಂಟಾನದ ನಂಜು ತಗುಲಿದರೆ ಬಿಳಿಯ ಮಚ್ಚೆಗಳಷ್ಟೇ ಸುಲಿದು, ಪಕ್ಕದ ಕಪ್ಪು ಮಚ್ಚೆಗಳು ಏನೂ ಆಗದಂತೆ ಹೊಳೆಯುತ್ತಿರುತ್ತವೆ. ಭೂಪಟದ ಗಡಿಯಂತೆ ಗೆರೆ ಕೊರೆದಿರುವ ಈ ನೋಟವನ್ನು ಒಮ್ಮೆ ಕಂಡ ಪಶುವೈದ್ಯ ಎಂದೂ ಮರೆಯುವುದಿಲ್ಲ. ರೋಗವನ್ನು ಗುರುತಿಸಲು ಇಷ್ಟು ಸ್ಪಷ್ಟವಾದ ಲಕ್ಷಣ ಬೇರೆ ವಿರಳ. ಕರಿಮೈಯ ಮಲೆನಾಡು ಗಿಡ್ಡಕ್ಕೂ ಉತ್ತರ ಕರ್ನಾಟಕದ ಕರಿಕಂಬಳಿಯ ಕುರಿಗೂ ಈ ರಕ್ಷೆ ಹುಟ್ಟಿನಿಂದಲೇ ಬಂದದ್ದು. ಬಿಳಿಗೂದಲಿನ ನಾಡದನಗಳಲ್ಲೂ ಕೂದಲ ಕೆಳಗಿನ ತೊಗಲು ಸಾಮಾನ್ಯವಾಗಿ ಕಪ್ಪೇ.

ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ಚರ್ಮ ಸುಡಲಿಲ್ಲವೆಂದ ಮಾತ್ರಕ್ಕೆ ಯಕೃತ್ತು ಕೆಡಲಿಲ್ಲವೆಂದಲ್ಲ. ಎಮ್ಮೆಯ ವಿಷಯದಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು. ಮುಂಬಯಿಯ ಸುತ್ತಲಿನ ತಬೇಲಾಗಳಲ್ಲಿ ಕಟ್ಟಿದ ಎಮ್ಮೆಗೆ ಕೊಂಡ ಮೇವು ಸಿಗುವುದರಿಂದ ಅದು ಬಹುಮಟ್ಟಿಗೆ ಸುರಕ್ಷಿತ. ಹಾಲು ಬತ್ತಿಸಿಕೊಂಡು ಬೆಟ್ಟದ ಕಡೆಗೆ ಮೇಯಲು ಹೋದ ಎಮ್ಮೆಗೆ ನಂಜೇರಿದರೆ ಅದರ ಕರಿಮೈ ಏನನ್ನೂ ತೋರಿಸದು. ಅದು ಮೇವು ಬಿಟ್ಟು ನಿಂತು, ಒಳಗೇ ಯಕೃತ್ತೂ ಮೂತ್ರಪಿಂಡಗಳೂ ಕೆಟ್ಟು ಸಾಯಬಹುದು. ಒಡೆಯನಿಗೆ ಕಾರಣವೇ ತಿಳಿಯದೆ ಉಳಿಯಬಹುದು. ಬಿಳಿಹಸುವಿನ ಸುಲಿದ ಚರ್ಮ ಆ ಮಟ್ಟಿಗೆ ಒಂದು ಉಪಕಾರವೆನ್ನಬೇಕು. ಬಿಸಿಲು ರೋಗವನ್ನು ಹುಟ್ಟಿಸುವುದಿಲ್ಲ, ಬಯಲಿಗೆ ಎಳೆಯುತ್ತದೆ.

ಈ ಗುಟ್ಟು ಒಡೆದದ್ದು ಬಹಳ ದೂರದಲ್ಲಿ, ಬೇರೊಂದು ಗಿಡದ ದೆಸೆಯಿಂದ. ದಕ್ಷಿಣ ಆಫ್ರಿಕದ ಒಣಭೂಮಿಯಲ್ಲಿ ಕುರಿಗಳಿಗೆ ಮುಖ ಊದಿ ಹಳದಿಗಟ್ಟುವ ರೋಗವೊಂದು ಬರುತ್ತಿತ್ತು. ಅಲ್ಲಿನ ರೈತರು ಅದಕ್ಕೆ ತಮ್ಮ ಭಾಷೆಯಲ್ಲಿ ‘ಹಳದಿ ದಪ್ಪತಲೆ’ ಎಂಬರ್ಥದ ಹೆಸರನ್ನು ಇಟ್ಟಿದ್ದರು. ಕಾರಣವಾದ ಗಿಡ ಕನ್ನಡಿಗರಿಗೆ ಅಪರಿಚಿತವಲ್ಲ: ಬರಿಗಾಲಿಗೆ ಚುಚ್ಚುವ, ಔಷಧಿಗೂ ಬಳಕೆಯಾಗುವ ನೆಗ್ಗಿಲುಮುಳ್ಳು. ಆ ದೇಶದ ಆಂಡರ್‌ಸ್ಟಪೂರ್ಟ್ ಪಶುವೈದ್ಯ ಸಂಶೋಧನಾಲಯದಲ್ಲಿ ರಿಮಿಂಗ್ಟನ್ ಮತ್ತು ಕ್ವಿನ್ ಎಂಬ ವಿಜ್ಞಾನಿಗಳು 1930ರ ದಶಕದಲ್ಲಿ, ಕುರಿಯ ಚರ್ಮ ಸುಡುವುದು ನೆಗ್ಗಿಲಿನ ವಸ್ತುವಿನಿಂದಲ್ಲ, ಹೊರಹೋಗಲಾರದೆ ಉಳಿದ ಎಲೆಗೆಂಪಿನಿಂದ ಎಂದು ತೋರಿಸಿಕೊಟ್ಟರು. ಮುಂದಿನ ದಶಕದಲ್ಲಿ ಲಂಟಾನದ ವಿಷವಸ್ತುವನ್ನು ಬೇರ್ಪಡಿಸಿದ್ದೂ ದಕ್ಷಿಣ ಆಫ್ರಿಕದಲ್ಲೇ. ಭಾರತದಲ್ಲಿ ಇದರ ಮೇಲೆ ದೀರ್ಘಕಾಲ ದುಡಿದದ್ದು ಹಿಮಾಚಲದ ಪಾಲಂಪುರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಲಂಟಾನದ ಎಲೆ ಒಣಗಿದರೂ ವಿಷವಾಗಿಯೇ ಉಳಿಯುತ್ತದೆಂಬುದು ಇಂತಹ ಅಧ್ಯಯನಗಳಿಂದ ತಿಳಿದುಬಂದ, ರೈತರಿಗೆ ನೇರವಾಗಿ ಉಪಯೋಗವಾಗುವ ಸಂಗತಿ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಮುಖ್ಯವಾಗಿ ತಿಳಿಯಬೇಕಾದುದು ಹೊಟ್ಟೆಯ ಸ್ಥಿತಿ. ಯಕೃತ್ತು ಕೆಟ್ಟೊಡನೆ ರೂಮೆನ್ನಿನ ಚಲನೆ ನಿಲ್ಲುತ್ತದೆ. ಚಲನೆ ನಿಂತ ಹೊಟ್ಟೆಯಲ್ಲಿ ತಿಂದ ಲಂಟಾನ ಮುಂದೆ ಸಾಗದೆ ಅಲ್ಲೇ ಕೂತು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ವಿಷವನ್ನು ಬಿಡುತ್ತಿರುತ್ತದೆ. ಆ ವಿಷದಿಂದ ಯಕೃತ್ತು ಇನ್ನಷ್ಟು ಕೆಡುತ್ತದೆ. ಹೊಟ್ಟೆ ಇನ್ನಷ್ಟು ನಿಲ್ಲುತ್ತದೆ. ಒಂದೇ ದಿನ ಮೇದ ಹಸು ಎರಡು ಮೂರು ವಾರ ನರಳಿ ಸಾಯುವುದಕ್ಕೆ ಕಾರಣ ಈ ವರ್ತುಲ. ಇದನ್ನು ಮುರಿಯದೆ ಬೇರೇನು ಮಾಡಿದರೂ ಫಲ ಅಲ್ಪ. ಅದಕ್ಕಾಗಿ ಪಶುವೈದ್ಯರು ಔಷಧಕ್ಕೆಂದೇ ತಯಾರಿಸಿದ ಸಕ್ರಿಯ ಇದ್ದಿಲನ್ನು, ಮೈತೂಕದ ಒಂದೊಂದು ಕಿಲೋಗೆ 5 ಗ್ರಾಮಿನಂತೆ, ನೀರಿನಲ್ಲಿ ಕದಡಿ ಕೊಳವೆಯ ಮೂಲಕ ಹೊಟ್ಟೆಗೆ ಇಳಿಸುತ್ತಾರೆ. 400 ಕಿಲೋ ಹಸುವಿಗೆ ಅದು 2 ಕಿಲೋ ಇದ್ದಿಲಾಯಿತು, ಖರ್ಚಿನ ಬಾಬು. ಅಗ್ಗದ ಬೆಂಟೊನೈಟ್ ಜೇಡಿಯೂ ಅದೇ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ, ತುಸು ನಿಧಾನವಾಗಿ, ಎಂದು ಆಸ್ಟ್ರೇಲಿಯದ ಪ್ರಯೋಗಗಳು ತೋರಿಸಿವೆ. ಎರಡೂ ವಿಷವನ್ನು ತಮ್ಮ ಮೈಗೆ ಅಂಟಿಸಿಕೊಂಡು ಸೆಗಣಿಯೊಡನೆ ಸಾಗಿಸುತ್ತವೆ. ಜೊತೆಗೆ ರಕ್ತಕ್ಕೆ ಲವಣದ ದ್ರವ, ಗಾಯಕ್ಕೆ ಕೀವು ತಡೆಯುವ ಔಷಧಿ. ಬೆಲೆಬಾಳುವ ಪ್ರಾಣಿಯಾದರೆ ಹೊಟ್ಟೆಯನ್ನು ಕೊಯ್ದು ತಿಂದದ್ದನ್ನೇ ತೆಗೆಯುವ ಶಸ್ತ್ರಕ್ರಿಯೆಯೂ ಉಂಟು. ಮನೆಯವರು ಒಲೆಯ ಇದ್ದಿಲನ್ನು ಕುಟ್ಟಿ ಬಿದಿರ ಗೊಟ್ಟದಲ್ಲಿ ಗಂಟಲಿಗೆ ಸುರಿಯುವುದು ಮಾತ್ರ ತರವಲ್ಲ. ಅದು ಶ್ವಾಸಕೋಶಕ್ಕೆ ಇಳಿದರೆ ಲಂಟಾನಕ್ಕಿಂತ ಮೊದಲೇ ಅದು ಕೊಲ್ಲುತ್ತದೆ.

ವೈದ್ಯರು ಬರುವವರೆಗೆ ಮನೆಯವರ ಕೈಯಲ್ಲಿರುವುದು ಎರಡು ಕೆಲಸ. ಎರಡೂ ಖರ್ಚಿಲ್ಲದವು, ಆದರೆ ಎರಡರಲ್ಲೂ ಪ್ರೀತಿಯಿಂದಲೇ ತಪ್ಪು ನಡೆಯುತ್ತದೆ. ಮೊದಲನೆಯದು ನೆರಳು. ಎಲೆಗೆಂಪನ್ನು ಕೆರಳಿಸುವುದು ಕಣ್ಣಿಗೆ ಕಾಣುವ ಬೆಳಕೇ ಆದುದರಿಂದ ಗಾಜಿನ ಕಿಟಕಿಯಿಂದಾಗಲಿ ಮರದೆಲೆಗಳ ಸಂದಿನಿಂದಾಗಲಿ ಬರುವ ಬಿಸಿಲೂ ಹಾನಿ ಮಾಡುತ್ತದೆ. ‘ಗಾಳಿಯಾಡಲಿ’ ಎಂದು ಹುಣಸೆಮರದ ಕೆಳಗೆ ಕಟ್ಟಿದರೆ ಸಾಲದು. ನಿಜವಾಗಿ ಕತ್ತಲೆಯಿರುವ ಕೊಟ್ಟಿಗೆ ಬೇಕು. ಎರಡನೆಯದು ಮೇವು. ಕಾಯಿಲೆಯ ಹಸು ಒಣಹುಲ್ಲು ಮುಟ್ಟುವುದಿಲ್ಲವೆಂದು ಮನೆಯವರು ಹಸಿಹುಲ್ಲನ್ನು ಅರಸಿ ತಂದು ಬಾಯಿಗೆ ಹಿಡಿಯುತ್ತಾರೆ. ಆದರೆ ಹಸಿರು ಹೆಚ್ಚಾದಷ್ಟೂ ಪತ್ರಹರಿತ್ತು ಹೆಚ್ಚು, ಎಲೆಗೆಂಪು ಹೆಚ್ಚು, ಚರ್ಮದ ಉರಿ ಹೆಚ್ಚು. ರಾಗಿಹುಲ್ಲು, ಬತ್ತದ ಹುಲ್ಲು, ಜೋಳದ ಸೊಪ್ಪೆ, ನೀರು: ಕಾಮಾಲೆ ಇಳಿಯುವವರೆಗೆ ಇವೇ ಪಥ್ಯ. ಆ ದಿನಗಳಲ್ಲಿ ಅದರ ಹಾಲನ್ನು ಬಳಸುವ ಮುನ್ನ ವೈದ್ಯರನ್ನು ಕೇಳುವುದು ಮೇಲು. ಕರ್ನಾಟಕದ ಹಳ್ಳಿಗಳಲ್ಲಿ ಈಗ 1962 ಎಂಬ ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳುವ ಏರ್ಪಾಡಿದೆ. ಡೊಂಬಿವಲಿಯಿಂದ ಮುಲಾಮು ಕಳಿಸುವುದಕ್ಕಿಂತ ಆ ಸಂಖ್ಯೆಯನ್ನು ಊರಿಗೆ ಹೇಳುವುದು ಹೆಚ್ಚಿನ ಉಪಕಾರ.

ಬೇರೆ ರೋಗಗಳೊಡನೆ ಇದು ಬೆರೆತುಹೋಗುವುದೂ ಉಂಟು. 2022ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ಹಬ್ಬಿದ ಚರ್ಮಗಂಟು ರೋಗದ ನೆನಪು ಹಸಿಯಾಗಿರುವುದರಿಂದ ದನದ ಚರ್ಮದಲ್ಲಿ ಏನು ಕಂಡರೂ ಅದೇ ಎಂಬ ಭಯ ಸಹಜ. ಆ ರೋಗದಲ್ಲಿ ಕಪ್ಪುಬಿಳುಪೆನ್ನದೆ ಮೈತುಂಬ ಗಂಟುಗಳು ಏಳುತ್ತವೆ, ಜ್ವರವಿರುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಕಾಲುಬಾಯಿ ಜ್ವರದಲ್ಲಿ ಹುಣ್ಣು ಬಾಯೊಳಗೂ ಗೊರಸಿನ ಸಂದಿನಲ್ಲೂ ಏಳುತ್ತದೆ. ಲಂಟಾನದ ನಂಜು ಅಂಟುಜಾಡ್ಯವಲ್ಲ. ಆದರೆ ಒಂದೇ ಕಡೆ ಮೇದ ನಾಲ್ಕು ಹಸುಗಳಿಗೆ ಒಟ್ಟಿಗೆ ಬಂದಾಗ ಅಂಟಿನಂತೆ ಕಾಣುತ್ತದೆ.

ಊರಿನ ಮಾತಾಯಿತು, ಈ ನಗರಗಳಲ್ಲೂ ಲಂಟಾನ ಬೆಟ್ಟದಲ್ಲಷ್ಟೇ ಉಳಿದಿಲ್ಲ. ಯೇವೂರಿನ ಆದಿವಾಸಿ ಪಾಡಾಗಳ ದನ ಮೇಕೆಗಳಿಗೆ ಅದು ಕಾಲಬುಡದ ನೆರೆಹೊರೆ. ಹೌಸಿಂಗ್ ಸೊಸೈಟಿಗಳ ಅಂಗಳದಲ್ಲಿ ಅದು ಬೇಲಿಗಿಡವಾಗಿ, ಹಳದಿಹೂವಿನ ತಗ್ಗುಪೊದೆಯಾಗಿ ಬೆಳೆಯುತ್ತದೆ. ಮಕ್ಕಳಿರುವ ಮನೆಗಳೂ ಇದನ್ನು ಗಮನಿಸಬೇಕು. ಮಲೆನಾಡಿನಲ್ಲಿ ಬಾಲ್ಯ ಕಳೆದವರು ಇದರ ಕಪ್ಪಾಗಿ ಮಾಗಿದ ಹಣ್ಣನ್ನು ತಿಂದು ಏನೂ ಆಗದೆ ಬೆಳೆದ ನೆನಪು ಹೇಳುತ್ತಾರೆ. ಹಸಿರು ಕಾಯಿಯ ಮಾತು ಬೇರೆ. ಅಮೆರಿಕದ ಫ್ಲಾರಿಡಾದಲ್ಲಿ ಹಸಿರು ಕಾಯಿ ತಿಂದ ಮಕ್ಕಳ 17 ಪ್ರಕರಣಗಳ ವರದಿ 1964ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಮಗು ಉಳಿಯಲಿಲ್ಲ.

ಸೊಸೈಟಿಯ ಮಾಲಿ ಬೇಲಿಯನ್ನು ಕತ್ತರಿಸಿದ ದಿನ ಆ ಸೊಪ್ಪಿನ ರಾಶಿ ಕಾಂಪೌಂಡಿನ ಹೊರಗೆ ಕಸದ ತೊಟ್ಟಿಯ ಪಕ್ಕ ಬೀಳುತ್ತದೆ. ಕಲ್ಯಾಣದ ಗಲ್ಲಿಗಳಲ್ಲೂ ನವಿ ಮುಂಬಯಿಯ ಅಗಲ ರಸ್ತೆಗಳಲ್ಲೂ ಅಲೆಯುವ ಬೀದಿಹಸುಗಳಿಗೆ ಅಲ್ಲಿ ಬೇರೆ ಹಸಿರಿಲ್ಲ. ಅದರಲ್ಲಿ ಕಣಗಿಲೆಯ ಕೊಂಬೆಗಳೂ ಸೇರಿದ್ದರೆ ಇನ್ನೂ ಕೆಟ್ಟದ್ದು. ಕಣಗಿಲೆ ಹೃದಯವನ್ನೇ ನಿಲ್ಲಿಸುತ್ತದೆ, ಚರ್ಮಕ್ಕೆ ಬರುವಷ್ಟು ಕಾಲವನ್ನೂ ಕೊಡುವುದಿಲ್ಲ. ಗುಡಿಯ ಬಾಗಿಲಲ್ಲಿ ಹತ್ತು ರೂಪಾಯಿಯ ಹುಲ್ಲನ್ನು ಕೊಂಡು ಹಸುವಿಗೆ ತಿನ್ನಿಸಿ ನಮಸ್ಕರಿಸುವ ಭಕ್ತರು, ಅದರ ಕಣ್ಣು ಹಳದಿಯಾಗಿದ್ದರೆ, ಬಿಳಿ ಮೂತಿಯಲ್ಲಿ ಹಕ್ಕಳೆ ಕಟ್ಟಿದ್ದರೆ, ಅಂದಿನ ಮಟ್ಟಿಗೆ ಹಸಿಹುಲ್ಲನ್ನು ಕೈಬಿಟ್ಟು ಅದನ್ನು ಕಟ್ಟಿದವರಿಗೆ ವಿಷಯ ತಿಳಿಸುವುದೊಳ್ಳೆಯದು. ಕತ್ತರಿಸಿದ ಲಂಟಾನವನ್ನು ‘ಒಣಗಲಿ, ಆಮೇಲೆ ನೋಡೋಣ’ ಎಂದು ಹೊರಗೆ ಬಿಡುವುದರಿಂದ ಪ್ರಯೋಜನವಿಲ್ಲ. ಒಣಗಿದ ಎಲೆಯಲ್ಲೂ ಲಂಟಾಡೀನ್ ಹಾಗೆಯೇ ಇರುತ್ತದೆ. ಅಂಗಳದ ಒಂದು ಮೂಲೆಯಲ್ಲಿ ದನದ ಬಾಯಿಗೆ ಸಿಗದಂತೆ ಗುಂಡಿ ತೋಡಿ, ಅದರಲ್ಲಿ ತುಂಬಿ ಮಣ್ಣು ಮುಚ್ಚಿಸಿದರೆ ಮಾಲಿಗೆ ಅರ್ಧ ಗಂಟೆಯ ಕೆಲಸ.